ಸಾಹೇಬರ ಕಿವಿ, ಕುರಿಯ ಜೀವ

ಆ ಸಂಸ್ಥೆಯಲ್ಲಿ ಡಾಕ್ಟರೇಟು ಪಡೆದವರು ಇಪ್ಪತ್ತಮೂರು ಮಂದಿ ಇದ್ದರು. ಆ ಇಪ್ಪತ್ತಮೂರೂ ಮಂದಿ ಒಟ್ಟಿಗೆ ಒಂದು ವಾರ ರಜೆ ಹಾಕಿದರೆ ಕರೆಂಟು ಒಂದಿಷ್ಟು ಉಳಿಯುತ್ತಿತ್ತು, ಕ್ಯಾಂಟೀನಿನವನಿಗೆ ಬೇಜಾರಾಗುತ್ತಿತ್ತು, ಮತ್ತೇನೂ ಆಗುತ್ತಿರಲಿಲ್ಲ. ದಾದಿಯಮ್ಮ ನಾಲ್ಕು ದಿನ ಬರದಿದ್ದರೆ ಮಾತ್ರ ಕೋಟಿಗಟ್ಟಲೆ ಜೀವಗಳು ಹಸಿವಿನಿಂದ ಸಾಯುತ್ತಿದ್ದವು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ದಾದಿಯಮ್ಮ ಅನ್ನುವುದು ಯಾರೋ ತಮಾಷೆಗೆ ಇಟ್ಟ ಹೆಸರು. ಹದಿನೆಂಟು ವರ್ಷದ ಹಿಂದೆ ಅವಳು ಅಲ್ಲಿಗೆ ಸೇರಿದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ಮೂರು ಸಲ ತೊಳೆ ಅಂದರೆ ಏಳು ಸಲ ತೊಳೆಯುತ್ತಿದ್ದಳು, ಆಮೇಲೆ ಬೆಳಕಿಗೆ ಹಿಡಿದು ನೋಡಿ ಇನ್ನೊಂದು ಸಲ ತೊಳೆಯುತ್ತಿದ್ದಳು. ನಿವೃತ್ತಿಯ ಅಂಚಿನಲ್ಲಿದ್ದ ಹಳೆಯ ತಂತ್ರಜ್ಞರೊಬ್ಬರು ಇದನ್ನು ಒಂದು ತಿಂಗಳು ನೋಡಿ, ಕೈಗೆ ಗವಸು ತೊಡಿಸಿ, ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು. ಅದರೊಳಗೆ ಮೈಬಿಸಿಯಷ್ಟೇ ಬಿಸಿ, ಉಸಿರಿನಷ್ಟೇ ತೇವ. ಅಂಗೈಯಗಲದ ತಟ್ಟೆಗಳಲ್ಲಿ ತೆಳು ಗುಲಾಬಿ ಬಣ್ಣದ ದ್ರವ, ದ್ರವದ ತಳದಲ್ಲಿ ಕಣ್ಣಿಗೆ ಕಾಣದ ಜೀವಕೋಶಗಳು.

"ದಿನ ಬಿಟ್ಟು ದಿನ ಹಳೇ ದ್ರವ ಎಳೆದು ಹೊಸದು ಹಾಕಬೇಕು. ಗುಲಾಬಿ ಹೋಗಿ ಹಳದಿ ಆದರೆ ಹಸಿದಿವೆ ಅಂತ ಲೆಕ್ಕ. ಭಾನುವಾರ ಗೀನುವಾರ ಅಂತ ಅವಕ್ಕಿಲ್ಲ," ಅಂದರು ಅವರು. ಅವರು ಹೋದ ಮೇಲೆ ಅವಳಿಗೂ ಭಾನುವಾರ ಇಲ್ಲವಾಯಿತು.

ಮನೆ ಎಂದರೆ ಬೀಗದ ಅಂಗಡಿಯ ಮೇಲಿನ ಎರಡು ಕೋಣೆ. ಗಂಡ ಕೆಳಗೆ ಕೂತು ಕಳೆದುಹೋದ ಬೀಗದ ಕೈಗಳಿಗೆ ಜೋಡಿ ಕತ್ತರಿಸುತ್ತಿದ್ದ. ದಿನವಿಡೀ ಅರ ತಿಕ್ಕುವ ಸದ್ದು ಮೆಟ್ಟಿಲು ಹತ್ತಿ ಬರುತ್ತಿತ್ತು. ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುವ ಜವಾಬ್ದಾರಿಯನ್ನು ಅವನ ತಾಯಿ ಹೊತ್ತುಕೊಂಡಿದ್ದರು. ಸೊಸೆ ಭಾನುವಾರ ಹನ್ನೊಂದಕ್ಕೆ ಮನೆಗೆ ಬಂದರೆ ಅತ್ತೆ ಕಿಟಕಿಯ ಬಳಿಯಿಂದಲೇ ಕೇಳುತ್ತಿದ್ದರು:

"ಬಂದ್ಯಾ ತಾಯಿ? ನಿನ್ನ ಕೂಸುಗಳು ಹೊಟ್ಟೆತುಂಬ ಕುಡಿದ್ವಾ? ತೇಗು ಬಂತಾ?"

"ಕುಡಿದ್ವು ಅತ್ತೆ."

"ದೊಡ್ಡವಾದ ಮೇಲೆ ನಿನ್ನ ನೋಡ್ಕೋತಾವಂತಾ?"

ದಾದಿಯಮ್ಮ ನಗುತ್ತಿರಲಿಲ್ಲ. ಅವಳಿಗೂ ಒಂದು ಠೀವಿ ಇತ್ತೆನ್ನಿ. ತನ್ನ ಕಪಾಟಿನ ಬಾಗಿಲನ್ನು ಬೇರೆಯವರು ತೆಗೆದರೆ ಮುಖ ಗಂಟಿಕ್ಕುತ್ತಿದ್ದಳು. ಸೀನಿದವರನ್ನು ಕೊಲೆ ಮಾಡಿದವರನ್ನು ನೋಡುವ ಹಾಗೆ ನೋಡುತ್ತಿದ್ದಳು. ಯಾರೂ ಇಲ್ಲದಾಗ ತಟ್ಟೆಗಳ ಜೊತೆ ಮಾತಾಡುತ್ತಿದ್ದಳು ಅನ್ನುವುದನ್ನು ಅವಳು ಒಪ್ಪುತ್ತಿರಲಿಲ್ಲ, ಉಳಿದ ಇಪ್ಪತ್ತಮೂರು ಮಂದಿ ಆಣೆ ಮಾಡಿ ಹೇಳುತ್ತಿದ್ದರು.

ಸಂಸ್ಥೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾಹೇಬರು ಅನ್ನುತ್ತಿದ್ದರು. ಅವರದ್ದೊಂದು ಧಾರಾಳ ಗುಣ: ಎದುರಿನವರು ಮಾತು ಶುರುಮಾಡಿದರೆ ಅದನ್ನು ತಾವೇ ಮುಗಿಸಿಕೊಡುತ್ತಿದ್ದರು. ಹೀಗಾಗಿ ಅವರಿಗೆ ಯಾರೂ ಏನೂ ಹೇಳಿದ ದಾಖಲೆ ಇರಲಿಲ್ಲ. ಅವರ ಬಲಗಡೆ ಸದಾ ಚಿಕ್ಕ ಸಾಹೇಬರು, ಅಂದರೆ ಉಪಮುಖ್ಯಸ್ಥರು. ಇವರ ಕುತ್ತಿಗೆಗೆ ಮೇಲೆ ಕೆಳಗೆ ಆಡುವುದು ಮಾತ್ರ ಗೊತ್ತಿತ್ತು. ಅಡ್ಡಡ್ಡ ಆಡಿಸಿದ್ದನ್ನು ಕಂಡವರಿಲ್ಲ.

ಒಂದು ದಿನ ದೊಡ್ಡ ಸಾಹೇಬರು ಸಭೆ ಕರೆದು, ನಾವು ಕಿವಿ ಮಾಡುತ್ತಿದ್ದೇವೆ ಎಂದು ಘೋಷಿಸಿದರು. ಕಿವಿಯಿಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಪ್ಲಾಸ್ಟಿಕ್ಕಿನದನ್ನು ಕೂರಿಸಿದರೆ ಮೈ ಒಗ್ಗಿಸಿಕೊಳ್ಳುವುದಿಲ್ಲ. ಅದಕ್ಕೇ ಮೆತ್ತನೆಯ ಅಂಟಿನೊಳಗೆ ಜೀವಕೋಶ ಕಲಸಿ, ಕಿವಿಯ ಆಕಾರಕ್ಕೆ ಮುದ್ರಿಸಿ, ಸಾಕಿ ಬೆಳೆಸಬೇಕು. ಕ್ರಮೇಣ ಅಂಟು ಕರಗಿ, ಕೋಶಗಳು ತಾವೇ ಮೃದ್ವಸ್ಥಿ, ಅಂದರೆ ಕಿವಿಯೊಳಗಿನ ಮೆತ್ತನೆಯ ಎಲುಬು, ಕಟ್ಟಿಕೊಳ್ಳಬೇಕು. ಉದ್ದೇಶ ಒಳ್ಳೆಯದೇ. ಪ್ರಶ್ನೆ ಬಂದದ್ದು, ಆಕಾರ ಯಾರ ಕಿವಿಯದು ಅಂತ.

"ಸಾರ್, ತಮ್ಮ ಕಿವಿ ಇರುವಾಗ ಬೇರೆಯವರದ್ದು ಯಾಕೆ?" ಅಂದರು ಚಿಕ್ಕ ಸಾಹೇಬರು.

"ಛೆ ಛೆ, ಬೇಡಪ್ಪ," ಅಂದರು ದೊಡ್ಡ ಸಾಹೇಬರು. ಮಾರನೆಯ ದಿನ ಅವರು ಕಿವಿಯ ಕೂದಲನ್ನೆಲ್ಲ ನೀಟಾಗಿ ತೆಗೆಸಿಕೊಂಡು ಬಂದಿದ್ದರು.

ಆಕಾರವೇನೋ ಸಿಕ್ಕಿತು. ಜೀವ ಎಲ್ಲಿಂದ ತರುವುದು? ಮನುಷ್ಯರದಕ್ಕೆ ಹತ್ತಾರು ಅನುಮತಿ ಬೇಕು. ಪ್ರಯೋಗಕ್ಕೆ ಕುರಿಯದು ಸಾಕು ಎಂದಾಯಿತು. ಬೆಳಗ್ಗೆ ಏಳಕ್ಕೆ ಐಸು ತುಂಬಿದ ಡಬ್ಬಿ ಹಿಡಿದು ಮಾಂಸದಂಗಡಿಗೆ ಹೋದದ್ದು ದಾದಿಯಮ್ಮ.

"ಕಿವಿ ಮಾತ್ರಾನಾ?" ಕಟುಕ ಕತ್ತಿ ಒರೆಸುವುದನ್ನು ನಿಲ್ಲಿಸಿ ಕೇಳಿದ.

"ಕಿವಿ ಮಾತ್ರ. ಈಗಷ್ಟೇ ಕಡಿದದ್ದಾಗಿರಬೇಕು. ಎಳೇ ಕುರೀದು."

"ಹೇಗೆ ಬೇಯಿಸ್ತೀರಿ?"

"ಬೇಯಿಸಲ್ಲ. ಬೆಳೆಸ್ತೀವಿ."

ಕಟುಕ ಒಂದು ಕ್ಷಣ ಅವಳ ಮುಖ ನೋಡಿ, ಎರಡು ಕಿವಿ ಕೊಯ್ದು ಕೊಟ್ಟು, ಮುಂದಿನ ಗಿರಾಕಿಯ ಕಡೆ ಬೇಗ ಬೇಗ ತಿರುಗಿದ. ಹೀಗೆ ಆ ಕಿವಿಗೆ ಆಕಾರ ಸಾಹೇಬರದು, ಜೀವ ಕುರಿಯದು ಎಂದಾಯಿತು. ಹೆಚ್ಚೇನೂ ಬದಲಾಗಿಲ್ಲ ಎಂದು ಕ್ಯಾಂಟೀನಿನಲ್ಲಿ ಯಾರೋ ಅಂದರಂತೆ. ಯಾರು ಅಂದದ್ದೆಂದು ಚಿಕ್ಕ ಸಾಹೇಬರು ಎರಡು ವಾರ ವಿಚಾರಣೆ ನಡೆಸಿದರು.

ದಾದಿಯಮ್ಮ ಕಿವಿಯ ತೊಗಲು ಬಿಡಿಸಿ, ಒಳಗಿನ ಬಿಳಿ ಮೃದ್ವಸ್ಥಿಯನ್ನು ಅಕ್ಕಿಕಾಳಿಗಿಂತ ಸಣ್ಣಗೆ ಹೆಚ್ಚಿ, ಕೋಶಗಳನ್ನು ಬಿಡಿಸಿ, ತಟ್ಟೆಗೆ ಬಿಟ್ಟಳು. ಐದು ವಾರದಲ್ಲಿ ಒಂದು ತಟ್ಟೆ ಅರವತ್ತಾಯಿತು. ಮುದ್ರಿಸುವ ಕೆಲಸ ಒಬ್ಬ ಸಂಶೋಧಕಿಯದು. ಕಣ್ಣಿಗೆ ದಪ್ಪ ಕನ್ನಡಕ, ಮಾತಿಗೆ ಮುಂಚೆ ಕ್ಷಮೆ ಕೇಳುವ ಅಭ್ಯಾಸ. ಯಂತ್ರ ಮಾತ್ರ ಜೋರಾಗಿತ್ತು: ಕಡಲ ಪಾಚಿಯ ಅಂಟಿಗೆ ಜಿಲೆಟಿನ್ ಬೆರೆಸಿ, ಅದರಲ್ಲಿ ಕೋಶ ಕಲಸಿ ಪಿಚಕಾರಿಗೆ ತುಂಬಿದರೆ, ಸೂಜಿಯ ತುದಿಯಿಂದ ಎಳೆ ಬಿಡುತ್ತ ಪದರದ ಮೇಲೆ ಪದರ ಹಾಕಿ ಕಿವಿ ಕಟ್ಟುತ್ತಿತ್ತು. ಕಟ್ಟಬೇಕಾಗಿತ್ತು. ಅಂಟು ತೆಳುವಾದರೆ ಕಿವಿ ನೀರಲ್ಲಿ ನೆನೆದ ಚಪ್ಪಲಿಯ ಹಾಗೆ ಚಪ್ಪಟೆಯಾಗುತ್ತಿತ್ತು. ಗಟ್ಟಿಯಾದರೆ ನಿಲ್ಲುತ್ತಿತ್ತು, ಆದರೆ ಸಣ್ಣ ಸೂಜಿಯೊಳಗೆ ಹಿಂಡಿಸಿಕೊಂಡ ಕೋಶಗಳು ಹೊರಬರುವಷ್ಟರಲ್ಲಿ ಸತ್ತಿರುತ್ತಿದ್ದವು.

"ಒತ್ತಡ ಜಾಸ್ತಿ ಮಾಡಿ," ಅಂದರು ದೊಡ್ಡ ಸಾಹೇಬರು.

"ಸಾರ್, ಒತ್ತಿದಷ್ಟೂ ಅವು..." ದಾದಿಯಮ್ಮ ಶುರುಮಾಡಿದಳು.

"ಅವು ಗಟ್ಟಿಯಾಗ್ತವೆ. ಕರೆಕ್ಟ್," ಎಂದು ಮಾತು ಮುಗಿಸಿಕೊಟ್ಟು ಅವರು ಹೊರಟರು.

ಬೂಟಿನ ಸದ್ದು ಕಾರಿಡಾರಿನ ತಿರುವು ದಾಟಿತು.

"ಕ್ಷಮಿಸಿ ಅಕ್ಕಾ, ನೀವು ಏನೋ ಹೇಳೋಕೆ ಹೊರಟಿದ್ರಿ," ಅಂದಳು ಸಂಶೋಧಕಿ.

"ಸೂಜಿ ದಪ್ಪದ್ದು ಹಾಕು. ಕೆಳಗಿನ ತಟ್ಟೆ ತಣ್ಣಗಿಡು. ತಣ್ಣಗಿದ್ರೆ ಬಿದ್ದ ಕೂಡಲೇ ಅದೇ ಗಟ್ಟಿಯಾಗತ್ತೆ, ಒತ್ತಿ ಕೊಲ್ಲಬೇಕಾಗಿಲ್ಲ."

ಒಂಬತ್ತನೆಯ ಕಿವಿ ನಿಂತಿತು. ಸುರುಳಿ, ಹಾಲೆ, ಮೇಲಿನ ಮಡಿಕೆ ಎಲ್ಲ ಸಾಹೇಬರದ್ದೇ. ದೊಡ್ಡ ಸಾಹೇಬರು ಗಾಜಿನಾಚೆಯಿಂದ ಅದನ್ನು ನೋಡುತ್ತ, ಅರಿವಿಲ್ಲದೆಯೇ ತಮ್ಮ ಕಿವಿ ಸವರಿಕೊಂಡರು. "ನಾನು ಮೊದಲೇ ಹೇಳಿರಲಿಲ್ವಾ?"

"ಹೇಳಿದ್ರಿ ಸಾರ್," ಅಂದರು ಆ ದಿನ ಊರಲ್ಲೇ ಇರದಿದ್ದ ಚಿಕ್ಕ ಸಾಹೇಬರು.

ಕಿವಿ ಕಪಾಟು ಸೇರಿತು. ದಾದಿಯಮ್ಮ ಅದಕ್ಕೆ ದಿನ ಬಿಟ್ಟು ದಿನ ಉಣಿಸಿದಳು. ಮೂರನೆಯ ವಾರದಲ್ಲಿ ಒಂದು ಎಡವಟ್ಟು ಕಾಣಿಸಿಕೊಂಡಿತು. ಕಿವಿ ಕುಗ್ಗುತ್ತಿತ್ತು. ಹಾಲೆ ಒಳಕ್ಕೆ ಸುರುಟಿಕೊಂಡಿತು, ಮೇಲಿನ ಅಂಚು ಮುದುಡಿತು. ತಿಂಗಳು ತುಂಬುವಷ್ಟರಲ್ಲಿ ಅದು ಸಾಹೇಬರ ಕಿವಿಯ ಮುಕ್ಕಾಲು ಭಾಗವಾಗಿ, ಒಣ ಅಣಬೆಯ ಹಾಗಾಗಿತ್ತು.

"ಇದೇನಿದು?" ದೊಡ್ಡ ಸಾಹೇಬರಿಗೆ ಸ್ವಂತ ಮೈಗೆ ಕುತ್ತು ಬಂದಷ್ಟು ಗಾಬರಿ. "ನನ್ನ ಕಿವಿ ಇಷ್ಟೇ ಇಷ್ಟಾ?"

"ಕೋಶಗಳು ಅಂಟನ್ನ ಹಿಡಿದು ಎಳೀತಿವೆ ಸಾರ್," ಅಂದಳು ದಾದಿಯಮ್ಮ. "ಬದುಕಿರೋದಕ್ಕೇ ಎಳೀತಿವೆ. ಸತ್ತಿದ್ರೆ ಹೇಗಿತ್ತೋ ಹಾಗೇ ಇರ್ತಿತ್ತು. ಅಂಟಿನ ಹದ ಬದಲಾಯಿಸಿ ನೋಡಬೇಕು, ಇನ್ನೂ ಆರು ತಿಂಗಳು..."

"ಆರು ದಿನ," ಅಂದರು ದೊಡ್ಡ ಸಾಹೇಬರು. "ಬರೋ ವಾರ ಮಂತ್ರಿಗಳು ಬರ್ತಿದ್ದಾರೆ."

ಉಪಾಯ ಹೊಳೆದದ್ದು ಚಿಕ್ಕ ಸಾಹೇಬರಿಗೆ. ಕೋಶವೇ ಇಲ್ಲದೆ ಬರೀ ಅಂಟಿನಿಂದ ಒಂದು ಕಿವಿ ಮುದ್ರಿಸಿದರಾಯಿತು. ಅದು ಕುಗ್ಗುವುದಿಲ್ಲ, ಹಸಿಯುವುದಿಲ್ಲ, ಹೊರಗಿಟ್ಟರೆ ಸಾಯುವ ಭಯವಿಲ್ಲ. ಹುಟ್ಟಿದರೆ ತಾನೆ ಸಾಯುವುದು! ಸಂಶೋಧಕಿ ಹತ್ತು ಸಲ ಕ್ಷಮಿಸಿ ಕ್ಷಮಿಸಿ ಅನ್ನುತ್ತಲೇ ಮುದ್ರಿಸಿಕೊಟ್ಟಳು. ಅದಕ್ಕೆ ಒಂದು ತೊಟ್ಟು ಗುಲಾಬಿ ಬಣ್ಣ ಬೆರೆಸಿದರು. ಗಾಜಿನ ಪೆಟ್ಟಿಗೆ, ನೀಲಿ ಮಖಮಲ್ಲು, ಕೆಳಗೆ ಹೊಳೆಯುವ ಫಲಕ: ಜೀವಂತ ಕಿವಿ.

"ಆ ಮುದುಡಿದ್ದನ್ನ ಬಿಸಾಡಿಬಿಡಮ್ಮ," ಅಂದರು ದೊಡ್ಡ ಸಾಹೇಬರು. "ಯಾರಾದ್ರೂ ನೋಡಿದ್ರೆ ಅಸಹ್ಯ."

ದಾದಿಯಮ್ಮ ಆಗಲಿ ಎಂದು ತಲೆಯಾಡಿಸಿದಳು. ಬಿಸಾಡಲಿಲ್ಲ. ಕಪಾಟಿನ ಕೆಳಗಿನ ಹಂತದಲ್ಲಿ, ತಟ್ಟೆಗಳ ಹಿಂದೆ ಇಟ್ಟು, ಹೊಸ ದ್ರವ ಹಾಕಿದಳು. ಅವತ್ತು ಮನೆಯಲ್ಲಿ ಸೊಪ್ಪು ಸೋಸುತ್ತ ಕೂತವಳ ಮುಖ ನೋಡಿ ಅತ್ತೆ ಕೆದಕಿ ಕೆದಕಿ ಕೇಳಿದರು. ಎಲ್ಲ ಕೇಳಿಯಾದ ಮೇಲೆ ಅಂದರು:

"ಅಂದ್ರೆ, ಬದುಕಿರೋದು ಚೆಂದ ಇಲ್ಲ ಅಂತ ಕಸದಬುಟ್ಟಿಗೆ. ಹುಟ್ಟದೇ ಇರೋದಕ್ಕೆ ಮಖಮಲ್ಲಿನ ಹಾಸಿಗೆ?"

"ಹೂಂ ಅತ್ತೆ."

"ನೀನೇನೂ ಅನ್ನಲಿಲ್ವಾ?"

"ಅಂದ್ರೆ ಕೇಳ್ತಾರಾ?"

"ಅವರ ಹತ್ರ ಈಗ ಮೂರು ಮೂರು ಕಿವಿ ಇದಾವಲ್ಲೇ!" ಎಂದು ಅತ್ತೆ ತಮ್ಮ ಮಾತಿಗೆ ತಾವೇ ನಕ್ಕು, ಕೆಮ್ಮು ಬಂದು, ನೀರು ತರಿಸಿಕೊಂಡರು. ನೀರು ತಂದ ಮಗ ಏನಾಯಿತೆಂದು ಕೇಳದೆಯೇ ಕೆಳಗಿಳಿದ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಇಪ್ಪತ್ತಮೂರು ಮಂದಿ ಇಸ್ತ್ರಿ ಹಾಕಿದ ಬಿಳಿ ಕೋಟುಗಳಲ್ಲಿ ಸಾಲಾಗಿ ನಿಂತಿದ್ದರು. ಕೆಲವರು ಆ ಕೋಟನ್ನು ತೊಟ್ಟದ್ದು ಅದೇ ಮೊದಲು. ಮಂತ್ರಿಗಳು ಗಾಜಿನ ಪೆಟ್ಟಿಗೆಯ ಮೇಲೆ ಬಾಗಿ, "ಇದಕ್ಕೆ ನಾವು ಮಾತಾಡೋದು ಕೇಳಿಸತ್ತಾ?" ಎಂದು ಕೇಳಿದರು. ದೊಡ್ಡ ಸಾಹೇಬರು, "ಇನ್ನೂ ಇಲ್ಲ ಸಾರ್," ಅಂದರು. ಆ "ಇನ್ನೂ" ಕೇಳಿ ಜನ ಚಪ್ಪಾಳೆ ತಟ್ಟಿದರು. ಕ್ಯಾಮೆರಾಗಳು ಮಿಂಚಿದವು. ಮಂತ್ರಿಗಳು ಅದರ ಪಕ್ಕ ನಿಂತು ಒಂದು, ದೊಡ್ಡ ಸಾಹೇಬರ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡು, ಬೇರೊಂದು ಉದ್ಘಾಟನೆಗೆ ಹೊರಟುಹೋದರು. ಎಲ್ಲ ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿಯಿತು ಅನ್ನುವಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಎದ್ದು ಪೆಟ್ಟಿಗೆಯ ಹತ್ತಿರ ಬಂದರು. ಅರವತ್ತು ದಾಟಿದ ವಯಸ್ಸು, ಕತ್ತರಿಸಿದ ನರೆಗೂದಲು, ಸಾದಾ ಬಟ್ಟೆ. ದೂರದ ಒಂದು ಆಸ್ಪತ್ರೆಯಲ್ಲಿ ಕಿವಿಯಿಲ್ಲದ ಮಕ್ಕಳಿಗೆ, ಅವರದೇ ಪಕ್ಕೆಲುಬಿನ ತುದಿ ಕೊಯ್ದು, ಕಿವಿ ಕೆತ್ತಿ ಕೂರಿಸುವ ಶಸ್ತ್ರವೈದ್ಯೆ.

"ಇದನ್ನ ಎಷ್ಟು ಹೊತ್ತಿಂದ ಹೊರಗಿಟ್ಟಿದ್ದೀರಿ?"

"ಬೆಳಗ್ಗಿಂದ ಮೇಡಂ."

"ಹಾಗಾದ್ರೆ ಕೊನೇ ಸಲ ಯಾವಾಗ ದ್ರವ ಬದಲಾಯಿಸಿದ್ದು?"

ದೊಡ್ಡ ಸಾಹೇಬರು ಚಿಕ್ಕ ಸಾಹೇಬರನ್ನು ನೋಡಿದರು. ಚಿಕ್ಕ ಸಾಹೇಬರು ಅಭ್ಯಾಸಬಲದಿಂದ ಕುತ್ತಿಗೆ ಆಡಿಸಿದರು, ಅದು ಉತ್ತರವಾಗಲಿಲ್ಲ. "ಗಂಟೆಗೊಮ್ಮೆ ಬದಲಾಯಿಸ್ತೀವಿ," ಅಂದುಬಿಟ್ಟರು ದೊಡ್ಡ ಸಾಹೇಬರು.

ಶಸ್ತ್ರವೈದ್ಯೆಯ ಹುಬ್ಬು ಮೇಲೇರಿತು. "ಗಂಟೆಗೊಮ್ಮೆ? ಯಾರು ಬದಲಾಯಿಸೋದು?"

ಯಾರೂ ಹೇಳದಿದ್ದರೂ ನಲವತ್ತಾರು ಕಣ್ಣು ಗೋಡೆ ಬದಿಯಲ್ಲಿ ನಿಂತಿದ್ದ ದಾದಿಯಮ್ಮನ ಕಡೆ ತಿರುಗಿದವು. ಹದಿನೆಂಟು ವರ್ಷದಲ್ಲಿ ಒಟ್ಟಿಗೆ ಅಷ್ಟು ಮಂದಿ ಅವಳನ್ನು ನೋಡಿದ್ದು ಅದೇ ಮೊದಲು. ತಪ್ಪಿಸಿಕೊಳ್ಳಲು ದಾರಿಯಿತ್ತು; ಗಂಟೆಗೊಮ್ಮೆ ನಾನೇ ಅಂದರೆ ಮುಗಿದುಹೋಗುತ್ತಿತ್ತು. ಆದರೆ ಗಂಟೆಗೊಮ್ಮೆ ದ್ರವ ಬದಲಾಯಿಸುವ ದಡ್ಡಿ ಎಂದು ಇನ್ನೊಬ್ಬರ ಮುಂದೆ ಅನ್ನಿಸಿಕೊಳ್ಳುವುದು ಅವಳಿಂದ ಆಗಲಿಲ್ಲ. ನಿಜ ಹೇಳಬೇಕೆಂದರೆ, ಸತ್ಯದ ಮೇಲಿನ ಪ್ರೀತಿಗಿಂತ ಆ ಅವಮಾನವೇ ಅವಳ ಬಾಯಿ ಬಿಡಿಸಿತು.

"ಅದಕ್ಕೆ ಯಾವತ್ತೂ ಬದಲಾಯಿಸಿಲ್ಲ ಮೇಡಂ. ಅದು ಬರೀ ಅಂಟು. ಬದುಕಿರೋದು ಒಳಗಿದೆ. ಅದಕ್ಕೆ ನಿನ್ನೆ ಬೆಳಗ್ಗೆ ಬದಲಾಯಿಸಿದ್ದೀನಿ."

ಆದರೆ ದೊಡ್ಡ ಸಾಹೇಬರು ಸುಮ್ಮನೆ ಆ ಕುರ್ಚಿಯ ಮೇಲೆ ಕೂತವರಲ್ಲ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಚೇತರಿಸಿಕೊಂಡರು.

"ಅದನ್ನೇ ನಾನು ಹೇಳೋಕೆ ಹೊರಟಿದ್ದು. ಇದು ಮಾದರಿ. ಅಸಲಿಯನ್ನ ಇಂಥಾ ಧೂಳಿಗೆ ತರೋಷ್ಟು ಬೇಜವಾಬ್ದಾರಿ ನಾವಲ್ಲ. ಬನ್ನಿ ಮೇಡಂ, ಒಳಗೆ ತೋರಿಸ್ತೀನಿ."

ಬಿಸಾಡಲು ಹೇಳಿದ್ದ ಕಿವಿಯನ್ನು ತೋರಿಸಲು ಅವರೇ ಮುಂದೆ ಮುಂದೆ ನಡೆದರು. ಅದು ಯಾವ ಹಂತದಲ್ಲಿದೆ ಎಂದು ಗೊತ್ತಿಲ್ಲದ್ದರಿಂದ ಕಪಾಟಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ದಾದಿಯಮ್ಮ ಗವಸು ತೊಟ್ಟು, ತಟ್ಟೆಗಳನ್ನು ಸರಿಸಿ, ಆ ಮುದುಡಿದ ಮುದ್ದೆಯನ್ನು ಹೊರತೆಗೆದಳು. ಶಸ್ತ್ರವೈದ್ಯೆ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಸಂಶೋಧಕಿಯಿಂದ ಅಂಚಿನ ಒಂದು ತೆಳು ಚೂರು ಕೊಯ್ಯಿಸಿ, ಬಣ್ಣ ಹಾಕಿಸಿ, ಕತ್ತಲೆ ಕೋಣೆಯ ದೊಡ್ಡ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬದುಕಿದ್ದ ಕೋಶ ಹಸಿರಾಗಿ ಹೊಳೆಯಬೇಕು, ಸತ್ತದ್ದು ಕೆಂಪಾಗಿ.

"ಸಾಕಿದವರು ಬನ್ನಿ ಇಲ್ಲಿ," ಎಂದು ಕರೆದರು.

ಹದಿನೆಂಟು ವರ್ಷ ಆ ಕೋಣೆಯ ನೆಲ ಒರೆಸಿದ್ದಳು, ಆ ಯಂತ್ರದ ಗಾಜು ಒರೆಸಿದ್ದಳು. ಅದರೊಳಗೆ ನೋಡು ಎಂದು ಅವಳಿಗೆ ಹೇಳಿದವರಿರಲಿಲ್ಲ. ದಾದಿಯಮ್ಮ ಬಾಗಿ ನೋಡಿದಳು. ಎಲ್ಲೋ ಒಂದೊಂದು ಕೆಂಪು ಚುಕ್ಕೆ. ಉಳಿದದ್ದೆಲ್ಲ ಹಸಿರು. ಒತ್ತೊತ್ತಾಗಿ, ಒಂದರ ಪಕ್ಕ ಒಂದು, ಕಣ್ಣು ಹೋದಲ್ಲೆಲ್ಲ ಹಸಿರು. ಅವಳ ಕನ್ನಡಕಕ್ಕೆ ಆವಿ ಕಟ್ಟಿತು. ತೆಗೆದು ಒರೆಸಿಕೊಂಡು, ಮತ್ತೆ ಬಾಗಿ, "ಆ ಮೂಲೇಲಿ ಸ್ವಲ್ಪ ಕೆಂಪಿದೆ. ಕೊಯ್ಯೋವಾಗ ಬ್ಲೇಡು ಮೊಂಡಾಗಿತ್ತು," ಅಂದಳು.

"ಕ್ಷಮಿಸಿ," ಅಂದಳು ಸಂಶೋಧಕಿ.

ಮರುದಿನದ ಪತ್ರಿಕೆಯಲ್ಲಿ ಅಂಟಿನ ಕಿವಿಯ ಫೋಟೋ ಬಂತು, ಮೇಲೆ ದೊಡ್ಡ ಸಾಹೇಬರ ಹೆಸರು. ಮೂರನೆಯ ದಿನ ದಾದಿಯಮ್ಮನಿಗೆ ಉಗ್ರಾಣಕ್ಕೆ ವರ್ಗ. ಶಿಕ್ಷೆಯೆಂದು ಯಾರೂ ಅನ್ನಲಿಲ್ಲ. "ಇಷ್ಟು ವರ್ಷ ದುಡಿದಿದ್ದೀಯಮ್ಮ, ಸ್ವಲ್ಪ ವಿಶ್ರಾಂತಿ ತಗೋ," ಎಂದು ಚಿಕ್ಕ ಸಾಹೇಬರು ಕಾಳಜಿ ತೋರಿದರು. ಅವಳ ಜಾಗಕ್ಕೆ ಅವರದೇ ಭಾವಮೈದುನ ಬಂದ. ಎರಡು ಪದವಿ ಇದ್ದ, ನಲವತ್ತು ದಾಟಿದ ಗೃಹಸ್ಥ. ಭಾನುವಾರ ಎಂಬುದು ಇದೆ ಎಂದು ದೃಢವಾಗಿ ನಂಬಿದ್ದ. ಕಪಾಟಿನ ಬಾಗಿಲು ತೆರೆದಿಟ್ಟುಕೊಂಡೇ ಫೋನಿನಲ್ಲಿ ಮಾತಾಡುತ್ತಿದ್ದ.

ಹನ್ನೆರಡನೆಯ ದಿನ ಸಂಶೋಧಕಿ ಉಗ್ರಾಣಕ್ಕೆ ಓಡಿಬಂದಳು. ರಟ್ಟಿನ ಪೆಟ್ಟಿಗೆಗಳ ನಡುವೆ ಪರದೆಕೋಲುಗಳ ಲೆಕ್ಕ ಬರೆಯುತ್ತಿದ್ದ ದಾದಿಯಮ್ಮ ಅವಳ ಮುಖ ನೋಡಿಯೇ ಪೆನ್ನಿಟ್ಟಳು. ಆ ದಿನ ಸಂಶೋಧಕಿ ಕ್ಷಮೆ ಕೇಳುವುದನ್ನೂ ಮರೆತಿದ್ದಳು.

"ಬೂಷ್ಟು ಅಕ್ಕಾ. ಎಲ್ಲದಕ್ಕೂ."

ತಟ್ಟೆಗಳಲ್ಲಿ ದ್ರವ ಹಳದಿಯಾಗಿತ್ತು, ಮೇಲೆ ಬೂದು ನೂಲಿನ ಪದರ. ಕಿವಿಯ ಮೇಲೆ ಮೆತ್ತನೆಯ ತುಪ್ಪಳವೇ ಬೆಳೆದಿತ್ತು. ದಾದಿಯಮ್ಮ ಅರವತ್ತು ತಟ್ಟೆಗಳಿಗೂ ಕಿವಿಗೂ ಬ್ಲೀಚು ಸುರಿದು, ಸ್ವಲ್ಪ ಹೊತ್ತು ಕಾದು, ಚೆಲ್ಲಿ, ಕಪಾಟಿನ ಒಂದೊಂದು ತಗಡನ್ನೂ ಬಿಚ್ಚಿ ಉಜ್ಜಿದಳು. ಭಾವಮೈದುನ ಬಾಗಿಲಲ್ಲಿ ನಿಂತು, "ಇಷ್ಟು ಸೂಕ್ಷ್ಮ ಅಂತ ಯಾರೂ ಹೇಳಿರಲಿಲ್ಲ," ಅಂದ.

"ಹೇಳಿದ್ದೆ. ನೀವು ಫೋನಲ್ಲಿದ್ರಿ," ಅಂದಳು.

ಹದಿನೈದು ದಿನಕ್ಕೆ ದೊಡ್ಡ ಸಾಹೇಬರೇ ಉಗ್ರಾಣದ ಬಾಗಿಲಿಗೆ ಬಂದರು. ಅಂಟಿನ ಕಿವಿ ಊರೂರು ಸುತ್ತುತ್ತಿತ್ತು ನಿಜ, ಆದರೆ ಶಸ್ತ್ರವೈದ್ಯೆ ಹೊಸ ಚೂರುಗಳನ್ನು ಕಳಿಸಿ ಎಂದು ಎರಡು ಪತ್ರ ಬರೆದಿದ್ದರು, ಅಂಟಿನ ಚೂರು ಕಳಿಸುವಂತಿರಲಿಲ್ಲ.

"ಏನಮ್ಮಾ, ವಿಶ್ರಾಂತಿ ಸಾಕಾ? ವಾಪಸ್..."

"ಬರ್ತೀನಿ ಸಾರ್," ಎಂದು ಈ ಸಲ ಮಾತು ಮುಗಿಸಿಕೊಟ್ಟದ್ದು ಅವಳು. "ಎರಡು ಭಾನುವಾರಕ್ಕೆ ಒಂದು ನನಗೆ. ಆ ದಿನ ಕಿವಿ ಮುದ್ರಿಸೋ ಹುಡುಗಿ ಉಣಿಸ್ತಾಳೆ, ನಾನೇ ಕಲಿಸಿದ್ದೀನಿ. ಕಪಾಟಿನ ಕೋಣೆಗೆ ಬೇರೆ ಯಾರೂ ಬರಬಾರದು. ನೀವೂನೂ."

ದೊಡ್ಡ ಸಾಹೇಬರು ಚಿಕ್ಕ ಸಾಹೇಬರನ್ನು ನೋಡಿದರು. ಚಿಕ್ಕ ಸಾಹೇಬರ ಕುತ್ತಿಗೆ ಯಾವ ಕಡೆ ಆಡಬೇಕೆಂದು ತಿಳಿಯದೆ ನಿಂತಲ್ಲೇ ನಿಂತಿತು.

ದಾದಿಯಮ್ಮ ಮತ್ತೆ ಐಸಿನ ಡಬ್ಬಿ ಹಿಡಿದು ಬೆಳಗ್ಗೆ ಮಾಂಸದಂಗಡಿಗೆ ಹೋದಳು, ಮತ್ತೆ ಒಂದು ತಟ್ಟೆಯಿಂದ ಶುರುಮಾಡಿದಳು. ಅಂಟಿನ ಹದ ಬದಲಾಯಿಸಿದ ಮೇಲೆ ಕಿವಿ ಮೊದಲಿನಷ್ಟು ಕುಗ್ಗಲಿಲ್ಲ. ಸ್ವಲ್ಪ ಕುಗ್ಗುತ್ತಲೇ ಇತ್ತು. ಮಗುವಿನ ತಲೆಗೆ ಕೂರಿಸುವ ದಿನ ಇನ್ನೂ ಬಹಳ ದೂರ ಎಂದು ಶಸ್ತ್ರವೈದ್ಯೆಯೇ ಬರೆದರು. ಆ ಪತ್ರದಲ್ಲೇ ಇನ್ನೊಂದು ಸಾಲಿತ್ತು: ನಮ್ಮಲ್ಲಿಯೂ ಕೋಶ ಸಾಕಬೇಕೆಂದಿದ್ದೇವೆ, ಕಲಿಸಲು ಒಬ್ಬರನ್ನು ಎರಡು ವಾರ ಕಳಿಸಿಕೊಡಿ. ಡಾಕ್ಟರೇಟು ಇದ್ದವರು ಬೇಡ.

ಗಂಡ ಅರ ಕೆಳಗಿಟ್ಟು ಮೇಲೆ ಬಂದು, ಅವಳ ಪೆಟ್ಟಿಗೆಗೆ ತಾನೇ ಮಾಡಿದ ಹೊಸ ಬೀಗ ಹಾಕಿಕೊಟ್ಟ. "ಹುಷಾರು," ಅಂದ. ಅವನ ಮಟ್ಟಿಗೆ ಅದು ಭಾಷಣ. ಅತ್ತೆ ಮಾತ್ರ, "ಹೋಗು ತಾಯಿ, ಅಲ್ಲಿಯ ಕೂಸುಗಳೂ ಹಸಿದಿರಬೇಕು," ಅಂದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಬಸ್ಸು ಮೂಲೆ ತಿರುಗುವವರೆಗೂ ಅವರು ಅಲ್ಲೇ ಕೂತಿದ್ದರೆಂದು ಗಂಡ ಆಮೇಲೆ ಹೇಳಿದ.

ಆಸ್ಪತ್ರೆಯ ಹೊಸ ಕೋಣೆಯಲ್ಲಿ ಆರು ಮಂದಿ ಡಾಕ್ಟರುಗಳು ನೋಟುಪುಸ್ತಕ ತೆರೆದು, ಪೆನ್ನು ಹಿಡಿದು, ಸಾಲಾಗಿ ಕೂತಿದ್ದರು. ಪಾಠ ಎಲ್ಲಿಂದ ಶುರುಮಾಡಬೇಕೆಂದು ದಾದಿಯಮ್ಮನಿಗೆ ಒಂದು ಗಳಿಗೆ ತೋಚಲಿಲ್ಲ. ಅವರ ಕೈಗಳನ್ನು ಒಂದು ಸುತ್ತು ನೋಡಿದಳು.

"ಪುಸ್ತಕ ಮುಚ್ಚಿ," ಅಂದಳು. "ಮೊದಲು ಎಲ್ಲರೂ ಉಂಗುರ ತೆಗೀರಿ. ಆಮೇಲೆ ಬಾಟಲಿ ತೊಳೆಯೋಣ."